ಹಸಿರು ತಿರುಗಿದ ಆಲೂಗಡ್ಡೆ

ತರಕಾರಿಗಳ ಪೈಕಿ ಆಲೂಗಡ್ಡೆಯಷ್ಟು ಸಾಧುವಾದದ್ದು ಮತ್ತೊಂದಿಲ್ಲವೆಂಬುದು ನಮ್ಮೆಲ್ಲರ ಭಾವನೆ. ಹಾಗಲಕಾಯಿಯ ಕಹಿ ಅದಕ್ಕಿಲ್ಲ, ಸುವರ್ಣಗಡ್ಡೆಯ ತುರಿಕೆಯೂ ಇಲ್ಲ. ಹುಳಿಗಾಗಲಿ, ದೋಸೆಯೊಳಗಿನ ಪಲ್ಯಕ್ಕಾಗಲಿ ಅದು ಒಗ್ಗಿಕೊಳ್ಳುತ್ತದೆ. ಮುನಿಸಿಕೊಂಡ ಮಗುವನ್ನು ಎಲೆಯ ಮುಂದೆ ಕೂರಿಸಲು ತಾಯಂದಿರು ನೆಚ್ಚುವುದೂ ಅದನ್ನೇ. ಆದರೆ ಈ ಸಾಧುವಿನ ವಂಶವನ್ನು ವಿಚಾರಿಸಿದರೆ ಸ್ವಲ್ಪ ಬೆಚ್ಚಬೇಕಾಗುತ್ತದೆ. ಅದು ಬದನೆಯ ಕುಲದ್ದು. ಉಮ್ಮತ್ತಿಯೂ ಅದೇ ಕುಲದ್ದು.

ಲಂಡನ್ನಿನ ಹುಡುಗರ ಶಾಲೆಯೊಂದರಲ್ಲಿ ನಡೆದ ಘಟನೆಯ ವೈದ್ಯಕೀಯ ವರದಿ 1979ರಲ್ಲಿ ಪ್ರಕಟವಾಯಿತು. ಬೇಸಗೆಯ ರಜೆಗೆ ಮೊದಲೇ ತಂದಿದ್ದ ಆಲೂಗಡ್ಡೆಯ ಚೀಲವೊಂದು ಅಡುಗೆಮನೆಯಲ್ಲಿ ಉಳಿದಿತ್ತು. ಶಾಲೆ ಮತ್ತೆ ತೆರೆದಾಗ ಅದನ್ನು ಬೇಯಿಸಿ ಮಧ್ಯಾಹ್ನದ ಊಟಕ್ಕೆ ಬಡಿಸಿದರು. ಅಂದು ರಾತ್ರಿಯಿಂದ ಹುಡುಗರಿಗೆ ವಾಂತಿ, ಭೇದಿ, ಹೊಟ್ಟೆನೋವು, ಜ್ವರ. ಕಾಯಿಲೆ ಬಿದ್ದವರು 78 ಮಂದಿ. ಆಸ್ಪತ್ರೆಗೆ ಸೇರಿದವರು 17 ಮಂದಿ. ಕೆಲವರಿಗೆ ಮೈಮೇಲೆ ಪ್ರಜ್ಞೆಯಿರಲಿಲ್ಲ. ಪುಣ್ಯವಶಾತ್ ಎಲ್ಲರೂ ಬದುಕಿಕೊಂಡರು. ಬೇಯಿಸಿದ ಅನ್ನಾಹಾರದಿಂದ ಹೀಗಾದೀತೆಂದು ಆ ಅಡುಗೆಯವರಿಗೆ ತೋಚಿರಲಾರದು.

ಇದರ ಮೂಲವನ್ನು ತಿಳಿಯಬೇಕಾದರೆ ಗಡ್ಡೆಯ ಸ್ವರೂಪವನ್ನು ಅರಿಯಬೇಕು. ಆಲೂಗಡ್ಡೆ ಬೇರಲ್ಲ; ನೆಲದೊಳಗೆ ಊದಿಕೊಂಡ ಕಾಂಡ. ನಾವು ಕಣ್ಣುಗಳೆಂದು ಕರೆಯುವ ಗುಳಿಗಳು ಅದರ ಮೊಗ್ಗುಗಳು. ಬೆಳಕು ತಾಕಿತೆಂದರೆ ತಾನು ಕಾಂಡವೆಂಬುದು ಅದಕ್ಕೆ ನೆನಪಾಗುತ್ತದೆ. ಸಿಪ್ಪೆಯಡಿಯಲ್ಲಿ ಪತ್ರಹರಿತ್ತು ಹುಟ್ಟಿ ಮೈ ಹಸಿರಾಗುತ್ತದೆ. ಈ ಹಸಿರು ನಿರಪಾಯಕಾರಿ. ಸೊಪ್ಪಿನ ಹಸಿರೂ ಇದೇ. ಆದರೆ ಅದೇ ಬೆಳಕು, ಅದೇ ಸಿಪ್ಪೆಯಡಿಯಲ್ಲಿ, ಬಣ್ಣವಿಲ್ಲದ ಮತ್ತೊಂದು ವಸ್ತುವನ್ನೂ ಹೆಚ್ಚಿಸುತ್ತದೆ. ಹಸಿರು ಅದರ ಡಂಗುರ ಮಾತ್ರ. ಪೆಟ್ಟು ಬಿದ್ದ ಗಡ್ಡೆಯಲ್ಲಿ ಡಂಗುರವಿಲ್ಲದೆಯೂ ಅದು ಏರಬಲ್ಲದು.

ಆ ವಸ್ತುವಿನ ಹೆಸರು ಸೋಲನಿನ್. 1820ರಲ್ಲಿ ಫ್ರಾನ್ಸಿನ ಔಷಧಕಾರ ದೆಫೋಸ್ ಎಂಬಾತ ಅದನ್ನು ಮೊದಲು ಬೇರ್ಪಡಿಸಿದ್ದು ಆಲೂಗಡ್ಡೆಯಿಂದಲ್ಲ, ಗಣಿಕೆಯ ಕಾಯಿಯಿಂದ. ನಮ್ಮ ಹಳ್ಳಿಗಳಲ್ಲಿ ಸೊಪ್ಪನ್ನು ಸಾರಿಗೆ ಹಾಕುವ, ಕಪ್ಪಾದ ಹಣ್ಣನ್ನು ಮಕ್ಕಳು ಬಾಯಿಗೆ ಹಾಕಿಕೊಳ್ಳುವ ಅದೇ ಗಣಿಕೆ! ಹಣ್ಣಾದಾಗ ವಿಷ ಇಳಿಯುವುದರಿಂದ ಆ ಮಕ್ಕಳು ಪಾರು. ಹಸಿರು ಕಾಯಿಗೆ ಆ ಮರ್ಯಾದೆಯಿಲ್ಲ. ಆಲೂಗಡ್ಡೆಯಲ್ಲಿ ಸೋಲನಿನ್ನಿಗೆ ಚಾಕೋನಿನ್ ಎಂಬ ಒಡಹುಟ್ಟು ಬೇರೆ ಉಂಟು. ಕೀಟ, ಬೂಷ್ಟುಗಳಿಂದ ತನ್ನನ್ನು ಕಾಪಾಡಿಕೊಳ್ಳಲು ಗಿಡ ಹೂಡಿದ ಉಪಾಯವಿದು. ನಾವು ನಡುವೆ ಸಿಕ್ಕಿಕೊಂಡವರು.

ಒಳಹೊಕ್ಕ ಮೇಲೆ ಇವುಗಳ ಕೆಲಸ ಎರಡು ಬಗೆ. ಕರುಳಿನ ಜೀವಕೋಶಗಳ ಪೊರೆಯಲ್ಲಿರುವ ಕೊಲೆಸ್ಟೆರಾಲನ್ನು ಹಿಡಿದು ಪೊರೆಯನ್ನು ಹರಿಯುತ್ತವೆ; ವಾಂತಿಭೇದಿಗಳು ಅದರ ಫಲ. ನರದಿಂದ ನರಕ್ಕೆ ಸಂದೇಶ ಒಯ್ಯುವ ರಾಸಾಯನಿಕವೊಂದು ತನ್ನ ಕೆಲಸ ಮುಗಿದೊಡನೆ ಕರಗಿಹೋಗಬೇಕು. ಅದನ್ನು ಕರಗಿಸುವ ಕಿಣ್ವವನ್ನೂ ಇವು ತಡೆಯುತ್ತವೆ. ಹುಡುಗರಿಗೆ ಕವಿದ ಭ್ರಮೆ, ಮಂಪರುಗಳಿಗೆ ಕಾರಣ ಇದೆಂದು ಊಹಿಸುತ್ತಾರೆ.

ಹಾಗೆಂದು ನಾಳೆಯಿಂದ ಪಲ್ಯವನ್ನು ಬಿಡಬೇಕಾಗಿಲ್ಲ. ಒಳ್ಳೆಯ ಗಡ್ಡೆಯಲ್ಲಿ ಈ ವಿಷ ಕಿಲೋಗೆ 100 ಮಿಲಿಗ್ರಾಂ ಸಹ ಇರುವುದಿಲ್ಲ; 200ನ್ನು ಮೀರಬಾರದೆಂಬುದು ತಜ್ಞರ ರೂಢಿಯ ಮಿತಿ. ಆದರೆ ಈ ಮಿತಿ ಅಷ್ಟೇನೂ ಉದಾರವಲ್ಲ. ದೇಹತೂಕದ ಒಂದು ಕಿಲೋಗೆ 2 ಮಿಲಿಗ್ರಾಂ ಸೇರಿದರೆ ವಿಷಲಕ್ಷಣ ಕಾಣಬಹುದು. ಕೆಲವರಿಗೆ ಅದಕ್ಕಿಂತ ಕಡಿಮೆಯೂ ಸಾಕು. 20 ಕಿಲೋ ತೂಗುವ ಮಗುವಿಗೆ 40 ಮಿಲಿಗ್ರಾಂ ಎಂದಾಯಿತು. ಮಿತಿ ಮುಟ್ಟಿದ ಗಡ್ಡೆಯಾದರೆ 200 ಗ್ರಾಮಿನಲ್ಲೇ ಅಷ್ಟಿದೆ. ಮೊಳಕೆಯಲ್ಲಂತೂ ಅದರ ಹತ್ತಾರು ಪಟ್ಟು ಇರುತ್ತದೆ.

ಬೇಯಿಸಿದರೆ ಹೋಗದೇ ಎಂದು ಗೃಹಿಣಿಯರು ಕೇಳಬಹುದು. ಹೋಗುವುದಿಲ್ಲ. ಕುದಿಯುವ ನೀರಿನ ಕಾವು ಇದಕ್ಕೆ ಲೆಕ್ಕಕ್ಕಿಲ್ಲ; ಎಣ್ಣೆಯ ಬಾಣಲೆಯನ್ನೂ ನಂಬುವಂತಿಲ್ಲ. ಹೆಚ್ಚಿನ ಪಾಲು ಸಿಪ್ಪೆಯಲ್ಲಿಯೂ ಅದರ ಕೆಳಗಿನ ತೆಳುಪದರದಲ್ಲಿಯೂ ಇರುವುದರಿಂದ ಇಳಿಗೆಮಣೆಯೇ ಒಲೆಗಿಂತ ಮೇಲು. ನಾಲಗೆಯೂ ಎಚ್ಚರಿಸುತ್ತದೆ, ಕಹಿಯಾಗಿ, ಗಂಟಲಲ್ಲಿ ಉರಿಯಾಗಿ. ನಮ್ಮ ಹುಣಿಸೆ, ಮೆಣಸಿನಕಾಯಿಗಳ ಗದ್ದಲದಲ್ಲಿ ಆ ಮಾತು ಕೇಳಿಸೀತೆ ಎಂಬುದು ನನ್ನ ಅನುಮಾನ.

ಅಮೆರಿಕದಲ್ಲಿ ಪಂಡಿತರೇ ಮೋಸಹೋದದ್ದುಂಟು. ಚಿಪ್ಸ್‌ಗೆ ಹೇಳಿಮಾಡಿಸಿದಂತಿದ್ದ ಲೆನಾಪೆ ಎಂಬ ತಳಿಯನ್ನು 1967ರಲ್ಲಿ ರೈತರಿಗೆ ಬಿಡುಗಡೆ ಮಾಡಿದರು. ಕಾಡು ಆಲೂಗಡ್ಡೆಯೊಂದಿಗೆ ಸಂಕರಗೊಳಿಸಿದ್ದ ಅದು ರೋಗನಿರೋಧದ ಜೊತೆಗೆ ಕಾಡಿನ ವಿಷವನ್ನೂ ತಂದಿತ್ತು. 1970ರಲ್ಲಿ ಅದನ್ನು ಹಿಂತೆಗೆದುಕೊಂಡರು.

ನಮ್ಮ ಮನೆಗಳಲ್ಲಿ ಸಮಸ್ಯೆ ವಿಷದ್ದಕ್ಕಿಂತ ಮಿತವ್ಯಯದ್ದು. ಕಾಸು ಕೊಟ್ಟು ತಂದ ಪದಾರ್ಥವನ್ನು ಎಸೆಯಲು ಕೈ ಬರುವುದಿಲ್ಲ. ಮೊಳಕೆಯನ್ನು ಚಿವುಟಿ ಉಳಿದದ್ದನ್ನು ಒಲೆಗೇರಿಸುತ್ತೇವೆ. ಗಡ್ಡೆ ಗಟ್ಟಿಯಾಗಿದ್ದು, ಕಣ್ಣಿನಲ್ಲಿ ಚಿಕ್ಕ ಮೊಳಕೆಯಷ್ಟೇ ಇದ್ದರೆ ಬುಡಸಮೇತ ಅಗೆದು ತೆಗೆದರಾಯಿತು. ಅಲ್ಲೊಂದು ಇಲ್ಲೊಂದು ಹಸಿರು ಮಚ್ಚೆಯಿದ್ದರೆ ಸುತ್ತಲೂ ದಪ್ಪನಾಗಿ ಹೆರೆಯಬೇಕು. ಸುಕ್ಕುಗಟ್ಟಿ ಉದ್ದ ಮೊಳಕೆ ಬಿಟ್ಟದ್ದು, ಮೈಯೆಲ್ಲ ಹಸಿರಾದದ್ದು, ಬಾಯಿಗೆ ಕಹಿಯಾದದ್ದು ತಿಪ್ಪೆಗೆ ಸೇರತಕ್ಕವು. ದನಕ್ಕೂ ಹಾಕಬಾರದು, ಅದರ ಮೇಲೂ ಈ ವಿಷ ನಡೆಯುತ್ತದೆ. ತಂದ ಗಡ್ಡೆಯನ್ನು ಕಿಟಕಿಯ ಬಳಿಯ ಬುಟ್ಟಿಯಲ್ಲಿ ಚೆಲುವಾಗಿ ಜೋಡಿಸದೆ, ಕತ್ತಲ ಮೂಲೆಯಲ್ಲಿ ಗಾಳಿಯಾಡುವ ಗೋಣಿಚೀಲದೊಳಗೆ, ವಾರಕ್ಕೆ ಬೇಕಾದಷ್ಟೇ ಇಡುವುದು ಲೇಸು.