ಪೇಯಾದಿಕ್ರಮವೂ ಸಿರಾಮಾರ್ಗದ ಪೋಷಣವೂ

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಗಳಲ್ಲಿ ಜ್ವರ ಬಿಟ್ಟವರಿಗೆ ಮೊದಲು ಗಂಜಿಯ ತಿಳಿ, ಬಳಿಕ ಗಂಜಿ, ಕಡೆಗೆ ಅನ್ನ ಎಂಬ ಕ್ರಮವು ಬಹುಕಾಲದ ರೂಢಿ. ನಿಶ್ಶಕ್ತರಾದವರಿಗೆ ‘ಗ್ಲೂಕೋಸ್ ಹಾಕಿಸುವ’ ರೂಢಿಯೂ ಈಚೆಗೆ ಅಲ್ಲಿ ಬೇರೂರಿರುವುದು. ಆ ಬಾಟಲಿಯು ಊಟಕ್ಕೆ ಸಮವೆಂದು ಅನೇಕರು ಭಾವಿಸುವರು. ಈ ಭಾವನೆಯು ಎಷ್ಟರಮಟ್ಟಿಗೆ ಯುಕ್ತವೆಂಬುದು ವಿಚಾರಣೀಯ.

ಗಂಜಿಯ ಕ್ರಮವು ಶಾಸ್ತ್ರಸಮ್ಮತವಾದುದು. ಚರಕಸಂಹಿತೆಯ ಸೂತ್ರಸ್ಥಾನದ ಎರಡನೆಯ ಅಧ್ಯಾಯದಲ್ಲಿ 28 ಬಗೆಯ ಯವಾಗುಗಳು ಹೇಳಲ್ಪಟ್ಟಿವೆ. ಸಿದ್ಧಿಸ್ಥಾನದಲ್ಲಿ ಶೋಧನಾನಂತರ ಪೇಯೆಯೆಂಬ ತೆಳುಗಂಜಿ, ವಿಲೇಪಿಯೆಂಬ ಗಟ್ಟಿಗಂಜಿ, ಯೂಷವೆಂಬ ಬೇಳೆಕಟ್ಟು, ಮಾಂಸರಸ ಇವು ಅನುಕ್ರಮವಾಗಿ ವಿಹಿತವಾಗಿವೆ. ಕುಂದಿದ ಜಠರಾಗ್ನಿಯನ್ನು ಮೆಲ್ಲನೆ ಉದ್ದೀಪನಗೊಳಿಸುವುದೇ ಇದರ ಅಭಿಪ್ರಾಯ. ಬಿದನೂರಿನಿಂದ ರಾಜ್ಯವಾಳಿದ ಕೆಳದಿಯ ಬಸವಪ್ಪನಾಯಕನು 1709ರಲ್ಲಿ ರಚಿಸಿದ ‘ಶಿವತತ್ತ್ವರತ್ನಾಕರ’ದಲ್ಲಿಯೂ ಪಾಕಶಾಸ್ತ್ರ, ವೈದ್ಯಗಳೆರಡಕ್ಕೂ ಸ್ಥಾನವಿರುವುದು.

ಈ ಕ್ರಮವೆಲ್ಲವೂ ಬಾಯಿ ಕರುಳುಗಳನ್ನೇ ಅವಲಂಬಿಸಿದುದು. ಅವು ನಡೆಯದಿದ್ದಲ್ಲಿ ಸಿರೆಯೇ ಗತಿ. 1832ರಲ್ಲಿ ಸ್ಕಾಟ್‌ಲೆಂಡಿನ ಥಾಮಸ್ ಲಾಟಾ ಎಂಬ ವೈದ್ಯನು ಕಾಲರಾರೋಗಿಗಳ ಸಿರೆಗೆ ಉಪ್ಪುನೀರನ್ನು ಹರಿಸಿದನು. ಅದು ಜಲಪೂರಣವೇ ಹೊರತು ಆಹಾರವಲ್ಲ. ಶೇಕಡ 5ರ ಗ್ಲೂಕೋಸಿನ ಅರ್ಧ ಲೀಟರಿನ ಬಾಟಲಿಯಲ್ಲಿರುವುದು 25 ಗ್ರಾಂ ಸಕ್ಕರೆ. ಅದರಿಂದ ದೊರೆಯುವ ಶಕ್ತಿಯು ಸುಮಾರು 85 ಕಿಲೋಕ್ಯಾಲೊರಿ. 50 ಕಿಲೋ ತೂಕದ ರೋಗಿಗೆ ದಿನಕ್ಕೆ 1250 ಆದರೂ ಬೇಕು. ಅಷ್ಟನ್ನು ಇದರಿಂದಲೇ ಪೂರೈಸುವುದಾದರೆ ಸುಮಾರು 15 ಬಾಟಲಿಗಳಾಗುವುವು. ಅಷ್ಟು ನೀರನ್ನು ದೇಹವು ತಾಳಲಾರದು. ಸಕ್ಕರೆಯನ್ನು ಸಾಂದ್ರಗೊಳಿಸಿದರೆ ಕಿರುಸಿರೆಗಳು ಉರಿಯೂತಕ್ಕೊಳಗಾಗುವುವು.

ಈ ತೊಡಕಿಗೆ ಎರಡು ಪರಿಹಾರಗಳು ದೊರೆತುವು. 1960ರ ದಶಕದ ಆರಂಭದಲ್ಲಿ ಸ್ವೀಡನ್ನಿನ ಆರ್ವಿಡ್ ವ್ರೆಟ್‌ಲಿಂಡನು ಸೋಯಾ ಎಣ್ಣೆಯನ್ನು ಸಿರೆಗೆ ಒಗ್ಗುವಂತೆ ಸಿದ್ಧಪಡಿಸಿದನು. ಅಮೆರಿಕದ ಸ್ಟ್ಯಾನ್ಲಿ ಡುಡ್ರಿಕ್ ಮತ್ತು ಅವನ ಸಹಕಾರಿಗಳು ಸಾಂದ್ರಾಹಾರವನ್ನು ಹೃದಯಸಮೀಪದ ಮಹಾಸಿರೆಗೆ ಹರಿಸಿ, ಬಾಯಿಯಿಂದ ಏನನ್ನೂ ತಿನ್ನದ ನಾಯಿಮರಿಗಳೂ ಬೆಳೆಯುವುವೆಂದು 1968ರಲ್ಲಿ ಪ್ರಕಟಿಸಿದರು. ಅಲ್ಲಿ ರಕ್ತಪ್ರವಾಹವು ಅಧಿಕವಾದುದರಿಂದ ಸಾಂದ್ರತೆಯು ಕೂಡಲೇ ತಗ್ಗುವುದು.

ಹಾಗೆಂದು ಸಾಮಾನ್ಯ ಬಾಟಲಿಯು ನಿರರ್ಥಕವಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಕಾಣಿಸಿಕೊಂಡು ಈ ಮೂರು ತಾಲ್ಲೂಕುಗಳನ್ನೂ ಬಾಧಿಸಿರುವ ಮಂಗನ ಕಾಯಿಲೆಗೆ ನಿರ್ದಿಷ್ಟವಾದ ಔಷಧವಿಲ್ಲ. ವಾಂತಿಭೇದಿಗಳಿಂದ ಬತ್ತಿದ ರೋಗಿಗೆ ಸಿರೆಯ ನೀರು ಪ್ರಾಣರಕ್ಷಕವಾಗಬಲ್ಲದು. ಊಟದ ಸ್ಥಾನದಲ್ಲಿ ಅದನ್ನು ನಿಲ್ಲಿಸುವುದೇ ಪ್ರಮಾದ.

ಕರುಳು ನಡೆಯುವಲ್ಲಿ ಕರುಳಿಗೇ ಆಹಾರವೆಂಬುದು ಇಂದಿನ ವೈದ್ಯರ ನಿಯಮ. ಬಹುದಿನ ಉಪವಾಸವಿದ್ದವರಿಗೆ ಒಮ್ಮೆಲೇ ಹೆಚ್ಚು ಪೋಷಣವಿತ್ತರೆ ರಕ್ತದ ಫಾಸ್ಫೇಟು ಕುಸಿದು ಪ್ರಾಣಾಪಾಯವಾಗಬಹುದೆಂದೂ ಅವರು ಎಚ್ಚರಿಸುವರು. ಪ್ರಾಚೀನರಿಗೆ ಫಾಸ್ಫೇಟು ಗೊತ್ತಿರಲಿಲ್ಲ. ಆದರೆ ಮೆಲ್ಲಮೆಲ್ಲನೆ ಏರಿಸಬೇಕೆಂಬ ವಿವೇಕವು ಪೇಯಾದಿಕ್ರಮದಲ್ಲಿ ಸ್ಪಷ್ಟವಾಗಿರುವುದು.