ಮಯೂರನ ಕತ್ತಿಯ ಹಿಂದಿನ ಕೈಗಳು

ದಸರಾ ರಜೆಗೆ ಯಲ್ಲಾಪುರದಿಂದ ಬಂದ ಮೊಮ್ಮಗಳ ಮುಖ ಊದಿಕೊಂಡಿತ್ತು. ಅಜ್ಜಿ ಕೊಟ್ಟ ತೊಡೆದೇವು ತಟ್ಟೆಯಲ್ಲೇ ಉಳಿಯಿತು. ತೊಡೆದೇವನ್ನೂ ಬೇಡವೆನ್ನುತ್ತಾಳೆಂದರೆ ವಿಷಯ ಸಣ್ಣದಲ್ಲ ಎಂದುಕೊಂಡೆ.

“ಎಂತಾ ಆತೇ ಕೂಸೇ?” ಎಂದು ಕೇಳಿದೆ.

“ಶಾಲೆ ಗ್ಯಾದರಿಂಗಿಗೆ ಮಯೂರನ ನಾಟಕ ಅಜ್ಜಾ. ಯಂಗೆ ಪಾತ್ರ ಇಲ್ಲೆ. ಪರದೆ ಎಳೆಯ ಕೆಲ್ಸ ಕೊಟ್ಟಿದ್ದ” ಎಂದಳು. ಹೇಳುವಾಗಲೇ ಕಣ್ಣಲ್ಲಿ ನೀರು.

ಸಮಾಧಾನದ ಮಾತು ಆಗ ಕಿವಿಗೆ ಹೋಗುವುದಿಲ್ಲ ಎಂದು ನನಗೆ ಗೊತ್ತು. ಮಾರನೆಯ ದಿನ ಬೆಳಿಗ್ಗೆ ಸಿದ್ದಾಪುರದಿಂದ ಶಿರಸಿಗೆ, ಶಿರಸಿಯಿಂದ ಬನವಾಸಿಗೆ ಬಸ್ಸು ಹತ್ತಿಸಿಕೊಂಡು ಹೋದೆ. ಮಧುಕೇಶ್ವರನಿಗೆ ಕೈಮುಗಿದು, ಕಲ್ಲಿನ ಮಂಚ ನೋಡಿ, ವರದಾ ನದಿಯ ದಂಡೆಗೆ ಬಂದು ಕೂತೆವು.

“ಮಯೂರ ಆಳಿದ ಊರು ಇದೇ. ಅವನ ಸಿನಿಮಾ ನೋಡಿದಾಗ ನಾನು ನಿನ್ನಷ್ಟೇ ಇದ್ದೆ” ಎಂದೆ. ಅವಳ ಕಿವಿ ನೆಟ್ಟಗಾಯಿತು.

ಮಕ್ಕಳೇ, ‘ಮಯೂರ’ ತೆರೆಗೆ ಬಂದದ್ದು 1975ರಲ್ಲಿ. ಬೆಂಗಳೂರಿನಲ್ಲಿ ಬಿಡುಗಡೆಯಾದ ಸಿನಿಮಾ ನಮ್ಮ ಕಡೆಗೆ ಬರುವಷ್ಟರಲ್ಲಿ ತಿಂಗಳುಗಳೇ ಕಳೆಯುತ್ತಿದ್ದವು. ಅಡಿಕೆ ಕೊಯ್ಲು ಮುಗಿದ ಮೇಲೆ ಅಪ್ಪ ನಮ್ಮನ್ನು ಶಿರಸಿಗೆ ಕರೆದುಕೊಂಡು ಹೋಗಿ ತೋರಿಸಿದ. ಪರದೆಯ ಮೇಲೆ ಹೆಸರುಗಳು ಓಡುವಾಗ ನಾವು ಹುಡುಗರು ಕಾಲು ಕುಣಿಸುತ್ತಿದ್ದೆವು. ಇದು ಬೇಗ ಮುಗಿಯಲಿ, ರಾಜಕುಮಾರ್ ಬರಲಿ ಎಂಬುದೊಂದೇ ಆಸೆ. ಮನೆಗೆ ಬಂದ ಮೇಲೆ ತಿಂಗಳುಗಟ್ಟಲೆ ಅದೇ ಆಟ. ಅಡಿಕೆ ದಬ್ಬೆಯೇ ಕತ್ತಿ, ಅಡಿಕೆ ಹಾಳೆಯೇ ಗುರಾಣಿ. ಅಂಗಳದಲ್ಲಿ ಎಲ್ಲರೂ ಮಯೂರರೇ. ಪಲ್ಲವರ ಸೈನಿಕನಾಗಲು ಮಾತ್ರ ಯಾರೂ ತಯಾರಿಲ್ಲ.

ಅಂದು ನಾವು ಓದದೆ ಬಿಟ್ಟ ಆ ಹೆಸರುಗಳನ್ನು ಬನವಾಸಿಯ ಹೊಳೆದಂಡೆಯಲ್ಲಿ ಮೊಮ್ಮಗಳಿಗೆ ಒಂದೊಂದಾಗಿ ಹೇಳಿದೆ.

ಮೊದಲ ಹೆಸರು ದೇವುಡು ನರಸಿಂಹಶಾಸ್ತ್ರಿ. ‘ಮಹಾಬ್ರಾಹ್ಮಣ’, ‘ಮಹಾಕ್ಷತ್ರಿಯ’ ಬರೆದವರು. ಅವರ ‘ಮಯೂರ’ ಕಾದಂಬರಿಯೇ ಈ ಸಿನಿಮಾದ ಬೇರು. ಅವರು ತೀರಿಕೊಂಡದ್ದು 1962ರಲ್ಲಿ. ತಮ್ಮ ಮಯೂರ ಕುದುರೆಯೇರಿ ತೆರೆಗೆ ಬಂದದ್ದನ್ನು ಅವರು ನೋಡಲೇ ಇಲ್ಲ.

ನಿರ್ದೇಶಕ ವಿಜಯ್. ಎರಡು ವರ್ಷ ಮೊದಲು, 1973ರಲ್ಲಿ, ‘ಗಂಧದ ಗುಡಿ’ ಮಾಡಿದವರು ಅವರೇ. ಕಾಡಿನ ಕಥೆ ಮುಗಿಸಿದವರು ಕದಂಬರ ಕಾಲಕ್ಕೆ ಹೋದರು. ಮಾತು ಮತ್ತು ಹಾಡು ಬರೆದವರು ಚಿ. ಉದಯಶಂಕರ್. ಅವರ ತಂದೆ ಚಿ. ಸದಾಶಿವಯ್ಯನವರೂ ಸಿನಿಮಾಕ್ಕೆ ಬರೆಯುತ್ತಿದ್ದವರು, ಅಪ್ಪನ ಕಸುಬು ಮಗನಿಗೆ ಬಂದಿತ್ತು. ಸಂಗೀತ ಜಿ. ಕೆ. ವೆಂಕಟೇಶ್ ಅವರದು. ಆ ವರ್ಷಗಳಲ್ಲಿ ವೆಂಕಟೇಶ್ ಅವರ ಬಳಿ ಸಹಾಯಕನಾಗಿ ದುಡಿಯುತ್ತಿದ್ದ ಒಬ್ಬ ತರುಣನಿದ್ದ. ಆಗ ಅವನ ಹೆಸರು ಹೊರಗೆ ಯಾರಿಗೂ ಗೊತ್ತಿರಲಿಲ್ಲ. ಅವನೇ ಮುಂದೆ ದೊಡ್ಡ ಹೆಸರು ಮಾಡಿದ ಇಳಯರಾಜ.

ತೆರೆಯ ಮೇಲೆ ನಾಯಕಿ ಮಂಜುಳಾ. ಶ್ರೀನಾಥ್, ಕೆ. ಎಸ್. ಅಶ್ವತ್ಥ್ ಇದ್ದರು. ಹುಬ್ಬು ಏರಿಸಿದರೆ ಸಾಕು, ಮಕ್ಕಳು ಅಮ್ಮನ ಸೆರಗು ಹಿಡಿಯುವಂತೆ ಮಾಡುವ ವಜ್ರಮುನಿ ಇದ್ದರು. ಮೈಸೂರಿನ ಗರಡಿಯಲ್ಲಿ ಕುಸ್ತಿ ಮಾಡಿ ಬಂದ ಎಂ. ಪಿ. ಶಂಕರ್ ಇದ್ದರು. ‘ಗಂಧದ ಗುಡಿ’ಗೆ ಹಣ ಹಾಕಿದ ನಿರ್ಮಾಪಕರೂ ಈ ಶಂಕರ್ ಅವರೇ.

“ರಾಜಕುಮಾರ್?” ಎಂದಳು ಮೊಮ್ಮಗಳು.

ಅವರನ್ನು ಕೊನೆಗೆ ಇಟ್ಟುಕೊಂಡಿದ್ದೆ. ರಾಜಕುಮಾರ್ ಚಿಕ್ಕಂದಿನಲ್ಲೇ ಶಾಲೆ ಬಿಟ್ಟವರು. ಅಪ್ಪ ಪುಟ್ಟಸ್ವಾಮಯ್ಯ ರಂಗನಟ. ಗುಬ್ಬಿ ವೀರಣ್ಣನವರ ನಾಟಕ ಕಂಪನಿಯೇ ಅವರಿಗೆ ಶಾಲೆಯಾಯಿತು. ಮಾತು, ಹಾಡು, ನಿಲ್ಲುವ ಭಂಗಿ ಎಲ್ಲ ಅಲ್ಲಿನ ಕಲಿಕೆ. ಕಂಪನಿಯಲ್ಲಿ ಮೊದಲ ದಿನವೇ ಯಾರೂ ರಾಜನ ಪಾತ್ರ ಕೊಡುವುದಿಲ್ಲ. 1954ರ ‘ಬೇಡರ ಕಣ್ಣಪ್ಪ’ದಿಂದ ಅವರು ಸಿನಿಮಾದ ನಾಯಕರಾದರು. 1960ರಲ್ಲಿ ‘ರಣಧೀರ ಕಂಠೀರವ’, 1967ರಲ್ಲಿ ‘ಇಮ್ಮಡಿ ಪುಲಿಕೇಶಿ’, 1970ರಲ್ಲಿ ‘ಶ್ರೀ ಕೃಷ್ಣದೇವರಾಯ’ ಬಂದವು. ಮಯೂರನಾಗುವ ಹೊತ್ತಿಗೆ ಕಿರೀಟದ ಭಾರ, ಕತ್ತಿಯ ತೂಕ ಎರಡೂ ಅವರ ಮೈಗೆ ಒಗ್ಗಿದ್ದವು.

“ಕತ್ತಿ ತಾಗತ್ತಿಲ್ಯಾ ಅಜ್ಜಾ?” ಎಂದು ಕೇಳಿದಳು.

ಇದು ಒಳ್ಳೆಯ ಪ್ರಶ್ನೆ. ಸಿನಿಮಾದ ಕತ್ತಿವರಸೆಯೂ ನಮ್ಮ ಯಕ್ಷಗಾನದ ಯುದ್ಧದ ಕುಣಿತದ ಹಾಗೆಯೇ, ಲೆಕ್ಕದ ಮೇಲೆ ನಡೆಯುತ್ತದೆ. ಒಂದು ಎಂದಾಗ ಮೇಲಿನ ಪೆಟ್ಟು, ಎರಡು ಎಂದಾಗ ಬದಿಯ ಪೆಟ್ಟು, ಮೂರಕ್ಕೆ ಬಗ್ಗಬೇಕು. ಸಾಹಸ ನಿರ್ದೇಶಕ ಹೇಳಿಕೊಟ್ಟ ಲೆಕ್ಕ ಇಬ್ಬರಿಗೂ ಬಾಯಿಪಾಠವಾಗಿರಬೇಕು. ಒಬ್ಬ ತಪ್ಪಿದರೆ ಇನ್ನೊಬ್ಬನಿಗೆ ಗಾಯ. ಹಾಗಾಗಿ ನಾಯಕನ ಜೀವ ಕಾಯುವವನು ಎದುರು ನಿಂತ ಆ ಹೆಸರಿಲ್ಲದ ಸೈನಿಕನೇ. ಕತ್ತಿಯ ‘ಠಣ್’ ಶಬ್ದವನ್ನು ಆಮೇಲೆ ಧ್ವನಿಮುದ್ರಣದ ಕೋಣೆಯಲ್ಲಿ ಸೇರಿಸುತ್ತಾರೆ. ಆಗ ಕಂಪ್ಯೂಟರ್ ಇರಲಿಲ್ಲ. ನೂರು ಸೈನಿಕರು ಕಾಣಬೇಕೆಂದರೆ ನೂರು ಜನರಿಗೆ ಬಟ್ಟೆ ಹೊಲಿಯಬೇಕು, ನೂರು ಜನರಿಗೆ ಅನ್ನ ಬಡಿಸಬೇಕು. ಕುದುರೆ ಬೆದರದಂತೆ ನೋಡಿಕೊಳ್ಳುವವನು ಬೇರೆ, ದೀಪ ಹೊರುವವನು ಬೇರೆ.

“ಅವ್ರ ಹೆಸರೆಲ್ಲ ಯಾರಿಗೂ ನೆನಪಿರ್ತಿಲ್ಲೆ” ಎಂದಳು ಮೊಮ್ಮಗಳು, ಸಣ್ಣ ದನಿಯಲ್ಲಿ.

ಆಗ ನಾನು ಕುಬ್ಜನ ಕಥೆ ತೆಗೆದೆ.

ಶಿಕಾರಿಪುರ ತಾಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಸ್ಥಾನದ ಎದುರು ಎಂಟು ಮುಖದ ಒಂದು ಕಲ್ಲುಕಂಬವಿದೆ. ಅದರ ಮೇಲೆ ಸಂಸ್ಕೃತದ ಕಾವ್ಯ. ಸಾಲುಗಳು ಕಂಬದ ಬುಡದಿಂದ ಮೇಲಕ್ಕೆ ಏರುತ್ತವೆ. ಮಯೂರಶರ್ಮ ತನ್ನ ಗುರು ವೀರಶರ್ಮನ ಜೊತೆ ಓದಲು ಕಂಚಿಯ ಘಟಿಕಾಸ್ಥಾನಕ್ಕೆ ಹೋದದ್ದು, ಅಲ್ಲಿ ಪಲ್ಲವರ ಕುದುರೆಸವಾರನ ಜೊತೆ ಜಗಳವಾದದ್ದು, ದರ್ಭೆ ಹಿಡಿವ ಕೈಯಲ್ಲಿ ಕತ್ತಿ ಹಿಡಿದದ್ದು, ಶ್ರೀಪರ್ವತದವರೆಗಿನ ಕಾಡು ಸೇರಿ ಪಲ್ಲವರನ್ನು ಕಾಡಿದ್ದು, ಕೊನೆಗೆ ಪಲ್ಲವರೇ ಅವನನ್ನು ಅರಸನೆಂದು ಒಪ್ಪಿದ್ದು, ಎಲ್ಲವೂ ಅದರಲ್ಲಿದೆ. ಇದು 4ನೇ ಶತಮಾನದ ಸಂಗತಿ. ಕಂಬದ ಬರಹ 5ನೇ ಶತಮಾನದ್ದು, ಕದಂಬ ಅರಸ ಶಾಂತಿವರ್ಮನ ಕಾಲದ್ದು. ಕಾದಂಬರಿ ಮತ್ತು ಸಿನಿಮಾ ಇದಕ್ಕೆ ಬೇಕಾದಷ್ಟು ಕಲ್ಪನೆ ಬೆರೆಸಿವೆ. ಆದ್ದರಿಂದ ಮಕ್ಕಳೇ, ಪರೀಕ್ಷೆಯಲ್ಲಿ ಸಿನಿಮಾದ ಕಥೆ ಬರೆಯಬೇಡಿ!

ಆ ಕಾವ್ಯ ಬರೆದ ಕವಿಯೇ ಕುಬ್ಜ. ತನ್ನ ಕಾವ್ಯವನ್ನು ಕಲ್ಲಿನ ಮೇಲೆ ಬರೆದವನೂ ತಾನೇ ಎಂದು ಅವನು ಅಲ್ಲೇ ಹೇಳಿಕೊಂಡಿದ್ದಾನೆ. ಅವನು ಯುದ್ಧ ಮಾಡಲಿಲ್ಲ, ಕಿರೀಟ ಇಡಲಿಲ್ಲ. ಆದರೆ ಅವನು ಆ ಕಲ್ಲಿನ ಮುಂದೆ ಕೂರದೆ ಹೋಗಿದ್ದರೆ ಕಂಚಿಯ ಜಗಳ ನಮಗೆ ತಿಳಿಯುತ್ತಿರಲಿಲ್ಲ. ದೇವುಡು ಅವರಿಗೆ ಕಾದಂಬರಿ ಸಿಗುತ್ತಿರಲಿಲ್ಲ, ರಾಜಕುಮಾರ್ ಅವರಿಗೆ ಪಾತ್ರ ಸಿಗುತ್ತಿರಲಿಲ್ಲ.

ಮೊಮ್ಮಗಳು ಏನೂ ಹೇಳಲಿಲ್ಲ. ಹೊಳೆಗೆ ಒಂದು ಕಲ್ಲು ಎಸೆದಳು. ಆಗ ನಾನು ಯಾರಿಗೂ ಹೇಳದ ಒಂದು ಸಂಗತಿಯನ್ನು ಹೇಳಬೇಕಾಯಿತು.

ಸಿನಿಮಾ ನೋಡಿದ ಮರುವರ್ಷ ನಮ್ಮ ಶಾಲೆಯಲ್ಲೂ ಮಯೂರನ ನಾಟಕವಾಯಿತು. ಮಯೂರ ನಾನೇ. ಎರಡನೇ ಅಂಕದಲ್ಲಿ ಕತ್ತಿ ಎತ್ತಿ ನಿಂತವನಿಗೆ ಮಾತೇ ಮರೆತುಹೋಯಿತು. ಎದುರಿಗೆ ಇಡೀ ಊರು, ಮುಂದಿನ ಸಾಲಿನಲ್ಲೇ ಅಪ್ಪ. ಆಗ ಸೈಡ್‌ವಿಂಗಿನ ಕತ್ತಲೆಯಿಂದ ನನ್ನ ಗೆಳೆಯ ಮೆಲ್ಲಗೆ ಮಾತು ಕೊಟ್ಟ. ಒಂದಲ್ಲ, ನಾಲ್ಕು ಸಲ. ಚಪ್ಪಾಳೆಯೂ ಬಹುಮಾನದ ಸ್ಟೀಲ್ ಲೋಟವೂ ನನಗೆ ಬಂದವು. ಅವನಿಗೆ ನಾನು ಒಂದು ಮಾತೂ ಹೇಳಲಿಲ್ಲ. ನನಗೆ ಮಾತು ಮರೆತದ್ದು ಜನರಿಗೆ ತಿಳಿದುಬಿಡುತ್ತದಲ್ಲ ಎಂಬ ನಾಚಿಕೆ. ಆ ಲೋಟ ಇಂದಿಗೂ ನಮ್ಮ ಮನೆಯಲ್ಲಿದೆ.

“ಅವ್ರು ಈಗ ಎಲ್ಲಿದ್ದ?” ಎಂದಳು.

“ನಿಮ್ಮ ಯಲ್ಲಾಪುರದ ಕಡೆಯೇ ತೋಟ ಮಾಡಿಕೊಂಡಿದ್ದಾನೆ.”

“ಫೋನ್ ಮಾಡು.”

ಅಲ್ಲೇ ದಂಡೆಯ ಮೇಲೆ ಕೂತು ಫೋನು ಮಾಡಿದೆ. ಮದುವೆ, ಉಪನಯನಗಳಲ್ಲಿ ಎಷ್ಟೋ ಸಲ ಸಿಕ್ಕವನು. ಆದರೂ ಈ ಮಾತು ಬಂದಿರಲಿಲ್ಲ. “ಐವತ್ತು ವರ್ಷ ತಡ ಆತು ಮಾರಾಯಾ” ಎಂದು ಶುರುಮಾಡಿ ಎಲ್ಲ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅಂದು ನಾನು ಮರೆತ ಮಾತನ್ನು ಒಂದಕ್ಷರ ಬಿಡದೆ ಒಪ್ಪಿಸಿದ! ಫೋನಿನ ಆಚೆ ಅವನೂ ಈಚೆ ನಾವಿಬ್ಬರೂ ನಕ್ಕೆವು.

ರಜೆ ಮುಗಿದು ಮೊಮ್ಮಗಳು ಊರಿಗೆ ಹೋದಳು. ಗ್ಯಾದರಿಂಗ್ ದಿನ ಅಜ್ಜಿಗೆ ಜ್ವರ ಬಂದು ನಮಗೆ ಹೋಗಲಾಗಲಿಲ್ಲ. ರಾತ್ರಿ ಹತ್ತೂವರೆಗೆ ಅವಳದೇ ಫೋನು.

“ಅಜ್ಜಾ, ಮೂರನೇ ಸೀನಿನಲ್ಲಿ ಪರದೆ ಹಗ್ಗ ಸಿಕ್ಕಿಬಿದ್ದಿತ್ತು. ಆನು ಸ್ಟೂಲ್ ಹತ್ತಿ ಬಿಡಿಸಿದಿ. ಯಾರಿಗೂ ಗೊತ್ತೇ ಆಜಿಲ್ಲೆ!”

ಅವಳ ದನಿಯಲ್ಲಿದ್ದ ಹೆಮ್ಮೆಯನ್ನು ನೀವು ಕೇಳಬೇಕಿತ್ತು.