ಮೊಟ್ಟೆಯ ಬಣ್ಣಕ್ಕೆ ಹುಂಜವೂ ಕಾರಣ

ಫಾರಂ ಮೊಟ್ಟೆ ಬಿಳಿ, ನಾಟಿ ಮೊಟ್ಟೆ ತಿಳಿಗಂದು. ನಮ್ಮಲ್ಲಿ ಬಹುಮಂದಿ ಬಲ್ಲ ಬಣ್ಣಗಳು ಇವೆರಡೇ. ಆದರೆ ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ ಮಾಪುಚೆ ಜನರು ಸಾಕುವ ಕೆಲವು ಕೋಳಿಗಳು ನೀಲಿ ಮೊಟ್ಟೆ ಇಡುತ್ತವೆ. 1914ರಲ್ಲಿ ಇವನ್ನು ಕಂಡ ಸ್ಪೇನಿನ ಕೋಳಿತಜ್ಞ ಸಾಲ್ವಡೋರ್ ಕಾಸ್ಟೆಲ್ಯೊ, 1921ರಲ್ಲಿ ಹೇಗ್ ನಗರದ ವಿಶ್ವ ಕುಕ್ಕುಟ ಸಮ್ಮೇಳನದಲ್ಲಿ ಅವುಗಳ ಬಗ್ಗೆ ತಿಳಿಸಿದರು. ಅಲ್ಲಿಂದ ಅರೌಕಾನಾ ಎಂಬ ಹೆಸರು ಕೋಳಿಪ್ರಿಯರ ಬಾಯಲ್ಲಿ ನಿಂತಿತು.

ಈ ನೀಲಿ ಒಂದೇ ಒಂದು ಪ್ರಬಲ ಜೀನಿನ ಕೆಲಸವೆಂದು ಕೇಂಬ್ರಿಜ್‌ನ ಆರ್.ಸಿ. ಪನೆಟ್ 1933ರಲ್ಲಿ ತೋರಿಸಿಕೊಟ್ಟರು. ಎಂದೋ ಕೋಳಿಯ ವಂಶವಾಹಿಯೊಳಗೆ ಸೇರಿಕೊಂಡ ವೈರಸ್ಸಿನ ತುಣುಕೊಂದು ಇದರ ಮೂಲವೆಂದು ತಿಳಿದದ್ದು 2013ರಲ್ಲಿ. ಇದರಿಂದಾಗಿ ಬಿಲಿವರ್ಡಿನ್ ಎಂಬ ವರ್ಣದ್ರವ್ಯ ಚಿಪ್ಪಿನಲ್ಲಿ ಸೇರುತ್ತದೆ. ಮೊಟ್ಟೆ ಒಡೆದು ನೋಡಿದರೆ ಒಳಮೈಯೂ ನೀಲಿ. ಕಂದು ಬಣ್ಣ ಹಾಗಲ್ಲ. ಅದು ಬಹುಮಟ್ಟಿಗೆ ಹೊರಮೈಗೆ ಬಳಿದದ್ದು. ನೀಲಿಯ ಮೇಲೆ ಕಂದು ಬಳಿದರೆ ಸಿಗುವುದೇ ಹಸಿರು ಮೊಟ್ಟೆ. (ರುಚಿಗೂ ಸತ್ವಕ್ಕೂ ಚಿಪ್ಪಿನ ಬಣ್ಣಕ್ಕೂ ಸಂಬಂಧವಿಲ್ಲ.)

ತಳಿ ಮಾಡುವವರು ಎಡವುವುದು ಹುಂಜದಲ್ಲಿ. ಅದು ಮೊಟ್ಟೆ ಇಡುವುದಿಲ್ಲ, ಆದರೆ ಬಣ್ಣದ ಜೀನನ್ನು ಹೊತ್ತಿರುತ್ತದೆ. ತಂದೆತಾಯಿ ಇಬ್ಬರಿಂದಲೂ ನೀಲಿ ಜೀನ್ ಪಡೆದ ಹುಂಜವನ್ನು ಕಂದು ಮೊಟ್ಟೆಯ ಹೇಂಟೆಗಳೊಡನೆ ಬಿಟ್ಟರೆ, ಹೆಣ್ಣುಮರಿಗಳೆಲ್ಲ ಮುಂದೆ ಹಸಿರು ಮೊಟ್ಟೆ ಇಡುತ್ತವೆ. ಒಬ್ಬರಿಂದ ಮಾತ್ರ ಪಡೆದಿದ್ದರೆ ಅರ್ಧಕ್ಕೆ ತೃಪ್ತಿಪಡಬೇಕು. ಹನ್ನೆರಡು ಮರಿ ಹೊರಬಂದರೆ ಅಂದಾಜು ಆರು ಹೆಣ್ಣು, ಅವುಗಳಲ್ಲಿ ಮೂರಕ್ಕೆ ಬಣ್ಣ. ಕೆಲವು ದೇಶಗಳಲ್ಲಿ ಇದಕ್ಕೆ ಡಿಎನ್‌ಎ ಪರೀಕ್ಷೆ ಇದೆ. ಅದಿಲ್ಲದ ಕಡೆ ಇಪ್ಪತ್ತೊಂದು ದಿನದ ಕಾವು ಮುಗಿದ ಮೇಲೂ ಮರಿಗಳು ಬೆಳೆದು ಮೊಟ್ಟೆಗೆ ಬರುವ ತನಕ, ಐದಾರು ತಿಂಗಳು ಕಾಯಬೇಕು.

ಇದಕ್ಕಿಂತ ದುಬಾರಿ ತಪ್ಪು ಇನ್ನೊಂದಿದೆ. ಕೆಲವು ಅರೌಕಾನಾಗಳ ಕಿವಿಯ ಬಳಿ ಗರಿಯ ಕುಚ್ಚು ಚಾಚಿಕೊಂಡಿರುತ್ತದೆ. ಚೆಂದಕ್ಕೆ ಮರುಳಾಗಿ ಕುಚ್ಚಿನ ಹುಂಜಕ್ಕೆ ಕುಚ್ಚಿನ ಹೇಂಟೆಯನ್ನೇ ಜೋಡಿ ಮಾಡುವುದುಂಟು. ಕುಚ್ಚಿನ ಜೀನು ಎರಡೂ ಕಡೆಯಿಂದ ಬಂದ ಭ್ರೂಣ ಚಿಪ್ಪು ಒಡೆಯುವ ಮುನ್ನವೇ ಸಾಯುತ್ತದೆ. ಸರಾಸರಿ ನಾಲ್ಕರಲ್ಲಿ ಒಂದು. ಅನೇಕ ಸಲ ಇದು ನಡೆಯುವುದು ಕಾವಿನ ಕೊನೆಯ ದಿನಗಳಲ್ಲಿ. ಕೂತ ಕೋಳಿಯನ್ನೋ ಯಂತ್ರದ ಶಾಖವನ್ನೋ ದೂರುವುದು ವ್ಯರ್ಥ. ನೀಲಿ ಬಣ್ಣಕ್ಕೆ ಕುಚ್ಚು ಬೇಕೇ ಇಲ್ಲ. ಆದರೂ ಅದು ಬೇಕೆನ್ನುವವರು ಕುಚ್ಚುಳ್ಳದ್ದನ್ನು ಇಲ್ಲದ್ದರೊಡನೆ ಕೂಡಿಸಿದರಾಯಿತು: ಅರ್ಧದಷ್ಟು ಮರಿಗಳಿಗೆ ಕುಚ್ಚು ಬರುತ್ತದೆ, ಎರಡೂ ಕಡೆಯಿಂದ ಆ ಜೀನು ಪಡೆದ ಭ್ರೂಣ ಯಾವುದೂ ಇರುವುದಿಲ್ಲ.